ಗಿಡುಗನ ಒಂದು ರೆಕ್ಕೆ, 34 ಮನೆ

ಮೊದಲೇ ಹೇಳಿಬಿಡುತ್ತೇನೆ, ಇದು ಚಿನ್ನದ್ದಲ್ಲ. ಬೆಳ್ಳಿಯ ಮೇಲೆ ಚಿನ್ನದ ಲೇಪ. "ಈಗಿನ ರೇಟಲ್ಲಿ ಚಿನ್ನ ತಂದು ಕೈ ಕಲಿಯೋದಾ?" ಎಂದು ಮನೆಯಲ್ಲಿ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಾಡಲು ಹೊರಟಿದ್ದು ಈಜಿಪ್ಟಿನ ಒಂದು ಎದೆಪದಕದಲ್ಲಿರುವ ಗಿಡುಗನ ರೆಕ್ಕೆ. ಪೂರ್ತಿ ಪದಕ ಅಲ್ಲ, ಪೂರ್ತಿ ಗಿಡುಗವೂ ಅಲ್ಲ. ಒಂದೇ ಒಂದು ರೆಕ್ಕೆ, ಅದೂ ಅಸಲಿಗಿಂತ ಎರಡು ಪಟ್ಟು ದೊಡ್ಡದು. ಮುಗಿಯಲು ಹದಿನಾಲ್ಕು ಶನಿವಾರ ಬೇಕಾಯಿತು.

ಅಸಲು ಪದಕ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಸಿತ್‌ಹಾಥೋರ್‌ಯುನೆತ್ ಎಂಬ ರಾಜಕುಮಾರಿಯದು. ನಡುವೆ ಎರಡನೇ ಸೆನ್‌ವೊಸ್ರೆತ್ ದೊರೆಯ ಹೆಸರು, ಎರಡೂ ಕಡೆ ಎದುರುಬದುರು ನಿಂತ ಗಿಡುಗಗಳು, ಅವುಗಳ ತಲೆಯ ಮೇಲೆ ಸೂರ್ಯನ ಬಿಲ್ಲೆ. ಸುಮಾರು 3,900 ವರ್ಷ ಹಳೆಯದು. ಅಗಲ 8.2 ಸೆಂಟಿಮೀಟರ್, ಎತ್ತರ 4.5. ಅಂದರೆ ಹೆಚ್ಚುಕಡಿಮೆ ನಮ್ಮ ಆಧಾರ್ ಕಾರ್ಡಿನಷ್ಟು. ಅಷ್ಟರೊಳಗೆ 372 ಕಲ್ಲಿನ ಚೂರುಗಳಿವೆ. ಪ್ರತಿಯೊಂದನ್ನೂ ಅದರ ಜಾಗಕ್ಕೆ ಬೇಕಾದ ಆಕಾರಕ್ಕೆ ಸಾಣೆ ಹಿಡಿದು ಕೂರಿಸಿದ್ದಾರೆ.

ಮ್ಯೂಸಿಯಂ ಇದರ ಫೋಟೋವನ್ನು ಯಾರು ಬೇಕಾದರೂ ಬಳಸಿಕೊಳ್ಳುವಂತೆ ಬಿಟ್ಟಿದೆ. ಅದನ್ನು ಇಳಿಸಿಕೊಂಡು ಪರದೆಯ ಮೇಲೆ ದೊಡ್ಡದು ಮಾಡುತ್ತಾ ಹೋದೆ. ಸಾಮಾನ್ಯವಾಗಿ ಹಾಗೆ ಮಾಡಿದಾಗ ಕೆಲಸದ ಹುಳುಕು ಕಾಣಿಸಬೇಕು. ಇಲ್ಲಿ ಗಿಡುಗನ ಕಣ್ಣಿನ ಗಾರ್ನೆಟ್ ಹರಳು ಕಾಣಿಸಿತು. ಅಸಲಿನಲ್ಲಿ ಅದು ಸಾಸಿವೆಗಿಂತ ಅಷ್ಟೇನೂ ದೊಡ್ಡದಿರಲಾರದು. ಆ ರಾತ್ರಿಯೇ ತೀರ್ಮಾನ ಮಾಡಿದೆ. ಒಂದು ರೆಕ್ಕೆಯನ್ನಾದರೂ ಮಾಡಿ ನೋಡಬೇಕು.

ನಕ್ಷೆ ಮತ್ತು ತಗಡು

ನಾನು ಮೈಸೂರಿನಲ್ಲಿ ಒಬ್ಬ ವಯಸ್ಸಾದ ಅಕ್ಕಸಾಲಿಗರ ಹತ್ತಿರ ಶನಿವಾರ ಶನಿವಾರ ಕೆಲಸ ಕಲಿಯುತ್ತೇನೆ. ಮೇಷ್ಟ್ರು ಅಂತಲೇ ಕರೆಯುವುದು. ಫೋಟೋ ತೋರಿಸಿದೆ. ಕನ್ನಡಕ ಏರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದರು. "ಮನೆ ಕಟ್ಟಿರೋದು ಚೆನ್ನಾಗಿದೆ," ಎಂದರು. ಹರಳು ಕೂರುವ ಗೂಡಿಗೆ ಅವರು ಮನೆ ಅನ್ನುತ್ತಾರೆ, ಚೌಕಾಬಾರದ ಮನೆ ಇದ್ದ ಹಾಗೆ.

ಕೆಲಸದ ಕ್ರಮ ಹೇಳಲು ಸುಲಭ. ಕೆಳಗೊಂದು ತಗಡು. ಅದರ ಮೇಲೆ ಸಣ್ಣ ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ ಬೆಸೆದು ಗೋಡೆ ಕಟ್ಟುವುದು. ಗೋಡೆಗಳ ನಡುವಿನ ಮನೆಗಳಲ್ಲಿ ಕಲ್ಲು ಕೂರಿಸುವುದು. ಬೇರೆ ದೇಶಗಳಲ್ಲಿ ಇಂಥದ್ದೇ ಮನೆಗಳಿಗೆ ಗಾಜಿನ ಪುಡಿ ತುಂಬಿ ಕರಗಿಸುತ್ತಾರೆ. ಅದು ಎನಾಮೆಲ್. ಗಾಜು ಕರಗಿ ಮೂಲೆ ಮೂಲೆಗೂ ತಾನೇ ಹರಿದು ತುಂಬಿಕೊಳ್ಳುತ್ತದೆ. ಈ ಪದಕದಲ್ಲಿರುವುದು ಕಲ್ಲು. ಕಲ್ಲು ಎಲ್ಲಿಗೂ ಹರಿಯುವುದಿಲ್ಲ, ನಾವೇ ಅದನ್ನು ಮೂಲೆಗೆ ತಲುಪಿಸಬೇಕು. ಈ ಮಾತು ಮೊದಲ ದಿನವೇ ಗೊತ್ತಿತ್ತು. ಆದರೆ ಕೈಗೆ ಗೊತ್ತಾಗಿದ್ದು ಎಂಟನೇ ವಾರ.

ಶುದ್ಧ ಬೆಳ್ಳಿ ತಗೊಂಡೆ. ತಾಮ್ರ ಬೆರೆಸಿದ ಬೆಳ್ಳಿ ಕಾಯಿಸಿದಾಗ ಕಪ್ಪಗಾಗುತ್ತದೆ, ಶುದ್ಧ ಬೆಳ್ಳಿಗೆ ಆ ತಲೆನೋವಿಲ್ಲ. ಮೆದು ಬೇರೆ. ತಗಡು 0.5 ಮಿಲಿಮೀಟರ್ ದಪ್ಪ. ಗೋಡೆಗೆ 0.3 ಮಿಲಿಮೀಟರ್ ದಪ್ಪ, 1.5 ಮಿಲಿಮೀಟರ್ ಎತ್ತರದ ಪಟ್ಟಿ. ತಂತಿಯನ್ನು ಕಂಬಚ್ಚಿನಲ್ಲಿ, ಅಂದರೆ ಸಾಲು ತೂತುಗಳಿರುವ ಉಕ್ಕಿನ ಪಟ್ಟಿಯಲ್ಲಿ, ಎಳೆದು, ಆಮೇಲೆ ಮೇಷ್ಟ್ರ ರೋಲರ್‌ನಲ್ಲಿ ಚಪ್ಪಟೆ ಮಾಡಿದೆ. ಅರ್ಧ ಗಂಟೆಯ ಕೆಲಸ.

ಇಲ್ಲೇ ಈಜಿಪ್ಟಿನವರಿಗೆ ಮೊದಲ ನಮಸ್ಕಾರ ಹಾಕಿದೆ. ಅವರಿಗೆ ಕಂಬಚ್ಚು ಗೊತ್ತಿರಲಿಲ್ಲ. ರೋಲರ್ ಮಾತಂತೂ ಬಿಡಿ. ತಗಡನ್ನು ಕಲ್ಲಿನಿಂದ ಬಡಿದು ತೆಳ್ಳಗೆ ಮಾಡಿ, ಪಟ್ಟಿ ಪಟ್ಟಿಯಾಗಿ ಕತ್ತರಿಸಬೇಕು. ತಂತಿ ಬೇಕಾದರೆ ಆ ಪಟ್ಟಿಯನ್ನೇ ತಿರುಚಿ, ಉರುಳಿಸಿ ಮಾಡಿಕೊಳ್ಳಬೇಕು. ಸುತ್ತಿಗೆಗೆ ಹಿಡಿಯೂ ಇಲ್ಲ, ಅಂಗೈಯಲ್ಲಿ ಹಿಡಿದ ಕಲ್ಲೇ ಸುತ್ತಿಗೆ. ಒಂದು ಪಟ್ಟಿಯನ್ನು ಹಾಗೆ ಮಾಡಲು ಹೋದೆ. ಒಂದು ತುದಿ 0.2, ಇನ್ನೊಂದು ತುದಿ 0.5 ಬಂತು. ಸುಮ್ನೆ ರೋಲರ್‌ಗೆ ವಾಪಸ್ ಹೋದೆ.

ಫೋಟೋದ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ರೆಕ್ಕೆಯನ್ನು ಎಳೆದುಕೊಂಡೆ. ಭುಜದ ಹತ್ತಿರ ಮೀನಿನ ಹುರುಪೆಯಂಥ ಚಿಕ್ಕ ಗರಿಗಳು, ಕೆಳಗೆ ಉದ್ದುದ್ದ ಗರಿಗಳು. ಅಸಲಿನಲ್ಲಿ ಇದ್ದಷ್ಟು ಮನೆ ಕಟ್ಟುವ ಧೈರ್ಯ ಬರಲಿಲ್ಲ. ಕೆಲವನ್ನು ಕೂಡಿಸಿದೆ, ಬಣ್ಣಗಳ ಜಾಗವನ್ನೂ ನನಗೆ ಬೇಕಾದ ಹಾಗೆ ಸ್ವಲ್ಪ ಬದಲಾಯಿಸಿದೆ. ಕೊನೆಗೆ 34 ಮನೆ ಉಳಿಯಿತು. ಹಾಗಾಗಿ ಇದು ಅಚ್ಚು ನಕಲಲ್ಲ. ಅಭ್ಯಾಸದ ತುಣುಕು ಅನ್ನಿ.

ಬೆಸುಗೆ, ಮತ್ತು ಮೊದಲ ಅನಾಹುತ

ಪಟ್ಟಿಗಳನ್ನು ಚಿಮಟದಲ್ಲಿ ಬಗ್ಗಿಸಿ, ನಕ್ಷೆಗೆ ಹೊಂದಿಸಿ, ಗೋಂದಿನಿಂದ ತಗಡಿಗೆ ಅಂಟಿಸಿದೆ. ಬೆಂಕಿ ತಾಗುವವರೆಗೆ ಅಲ್ಲಾಡದೆ ನಿಂತರೆ ಸಾಕು, ಗೋಂದು ಆಮೇಲೆ ಸುಟ್ಟುಹೋಗುತ್ತದೆ. ಹಿಂದೆ ಕುಸುರಿ ಕೆಲಸಕ್ಕೆ ಗುಲಗಂಜಿಯನ್ನು ನೀರಲ್ಲಿ ತೇಯ್ದು ಅಂಟು ಮಾಡುತ್ತಿದ್ದರಂತೆ. ಚಿನ್ನ ತೂಗುವ ಕಾಳೇ ಚಿನ್ನ ಅಂಟಿಸುವುದಕ್ಕೂ ಆಗುತ್ತಿತ್ತು, ನೋಡಿ. ಆದರೆ ಗುಲಗಂಜಿಯ ಒಳಗಿರುವುದು ಭಾರೀ ವಿಷ. ಮನೆಯಲ್ಲಿ ಮಕ್ಕಳಿದ್ದಾರೆ. ಅದರ ಸಹವಾಸ ಬೇಡ ಎಂದು ಗೋಂದಿನಲ್ಲೇ ಉಳಿದೆ.

ಬಿಳಿಗಾರ ತೇಯ್ದು ಬಳಿದೆ. ಬೆಸುಗೆಯ ಚೂರುಗಳನ್ನು ಗೋಡೆಗಳ ಬುಡಕ್ಕೆ ಒಂದೊಂದಾಗಿ ಇಟ್ಟೆ. ಟಾರ್ಚ್ ಹಚ್ಚಿದೆ.

ತಪ್ಪು ಮಾಡಿದ್ದು ಒಂದೇ. ಮೇಲಿನಿಂದ ಬೆಂಕಿ ಹಿಡಿದೆ. ಗೋಡೆ ಕೂದಲಿನಷ್ಟು ತೆಳ್ಳಗೆ, ತಗಡು ಅದಕ್ಕಿಂತ ದಪ್ಪ, ಅಗಲ ಬೇರೆ. ಗೋಡೆ ಬೇಗ ಕಾಯುತ್ತದೆ, ತಗಡು ನಿಧಾನ. ಬೆಸುಗೆ ಯಾವಾಗಲೂ ಬಿಸಿ ಜಾಸ್ತಿ ಇರುವ ಕಡೆಗೇ ಓಡುತ್ತದೆ. ಬುಡದಲ್ಲಿ ಹರಡಬೇಕಾದ ಬೆಸುಗೆ ಗೋಡೆ ಹತ್ತಿ ಮೇಲಕ್ಕೆ ಹೋಯಿತು. ಇನ್ನೂ ಸ್ವಲ್ಪ ಬಿಸಿ ಮಾಡೋಣ ಎಂದುಕೊಂಡ ಆ ಎರಡು ಸೆಕೆಂಡಿನಲ್ಲಿ, ಉದ್ದ ಗರಿಗಳ ನಡುವಿನ ಎರಡು ಗೋಡೆ ಹೊಳೆದು, ನಡುಗಿ, ಕರಗಿ ಉಂಡೆಯಾಗಿ ಕುಳಿತವು. ಬೆಳ್ಳಿ ಕರಗುವುದು 961 ಡಿಗ್ರಿಗೆ, ಬೆಸುಗೆ ಅದಕ್ಕಿಂತ ಸುಮಾರು 200 ಡಿಗ್ರಿ ಕೆಳಗೆ. ಕೇಳಲು ದೂರ ಅನ್ನಿಸುತ್ತದೆ. ಟಾರ್ಚ್ ಎದುರು ಅದು ಕಣ್ಣು ಮಿಟುಕಿಸುವಷ್ಟು ಹೊತ್ತು.

ಮೇಷ್ಟ್ರು ಬೈಯಲಿಲ್ಲ. ಮುಕ್ಕಾಲಿಯ ಮೇಲೆ ಕಬ್ಬಿಣದ ಜಾಲರಿ ಇಟ್ಟು, "ಕೆಳಗಿಂದ ಕೊಡು. ದೋಸೆ ಮೇಲಿಂದ ಬೇಯಿಸ್ತಾರಾ?" ಎಂದರು ಅಷ್ಟೆ.

ಕರಗಿದ ಎರಡನ್ನು ಗರಗಸದಲ್ಲಿ ಕಿತ್ತು, ಜಾಗ ಅರದಿಂದ ಉಜ್ಜಿ, ಹೊಸ ಪಟ್ಟಿ ಇಟ್ಟು, ಈ ಸಲ ಕೆಳಗಿನಿಂದ ಕಾಯಿಸಿದೆ. ಇಡೀ ತಗಡು ಮಂಕು ಕೆಂಪಿಗೆ ಬಂತು. ಆಮೇಲೆ ಬುಡದಲ್ಲಿ ಒಂದು ಬೆಳ್ಳಿಗೆರೆ ಮಿಂಚಿನ ಹಾಗೆ ಹರಿಯಿತು. ಆ ಗೆರೆ ನೋಡುವುದಕ್ಕೇ ಈ ಕೆಲಸ ಮಾಡಬೇಕು ಅನ್ನಿಸುತ್ತದೆ. ನಿಂಬೆ ಉಪ್ಪಿನ ಬಿಸಿ ನೀರಲ್ಲಿ ಹಾಕಿ ತೊಳೆದೆ. ಮೂರು ಕಡೆ ಬೆಸುಗೆ ತುಂಬಿರಲಿಲ್ಲ, ಇನ್ನೊಂದು ಸುತ್ತು ಆಯಿತು. ತಗಡು ಸ್ವಲ್ಪ ಬಿಲ್ಲಿನ ಹಾಗೆ ಬಾಗಿತ್ತು, ಮರದ ಕೊಡತಿಯಲ್ಲಿ ಮೆಲ್ಲಗೆ ತಟ್ಟಿ ಸರಿ ಮಾಡಿದೆ.

ನನ್ನ ಕೈಯಲ್ಲಿ ಗ್ಯಾಸ್ ಟಾರ್ಚ್ ಇತ್ತು. ಈಜಿಪ್ಟಿನ ಸಕ್ಕಾರಾದಲ್ಲಿ ಮೆರೆರುಕಾ ಎಂಬ ಮಂತ್ರಿಯ ಗೋರಿಯ ಗೋಡೆಯಲ್ಲಿ ಅಕ್ಕಸಾಲಿಗರ ಚಿತ್ರ ಕೆತ್ತಿದ್ದಾರೆ. ಬೆಂಕಿಯ ಸುತ್ತ ಕುಳಿತು ಉದ್ದನೆಯ ಕೊಳವೆಯಲ್ಲಿ ಊದುತ್ತಿದ್ದಾರೆ. ಕೊಳವೆ ಜೊಂಡಿನದು, ತುದಿಗೆ ಮಣ್ಣಿನ ಮೂತಿ. ಪಕ್ಕದಲ್ಲಿ ಚಿನ್ನ ತೂಗುವವರು, ಇನ್ನೊಂದೆಡೆ ಕುಳ್ಳ ಕೆಲಸಗಾರರು ಅಗಲವಾದ ಕಂಠಹಾರ ಜೋಡಿಸುತ್ತಿದ್ದಾರೆ. ಮೇಷ್ಟ್ರ ಪೆಟ್ಟಿಗೆಯಲ್ಲೂ ಒಂದು ಹಿತ್ತಾಳೆಯ ಊದುಕೊಳವೆ ಇದೆ, ಅವರ ತಂದೆಯದು. ಒಂದು ಸಂಜೆ ಎಣ್ಣೆ ದೀಪದ ಎದುರು ಅದನ್ನು ಊದಿ ಒಂದೇ ಒಂದು ಕೂಡು ಬೆಸೆದೆ. ಕೆನ್ನೆ ಎರಡು ದಿನ ನೋಯಿತು. ಆದರೆ ಒಂದು ವಿಷಯ ಗೊತ್ತಾಯಿತು. ಕೊಳವೆಯಲ್ಲಿ ಬೆಂಕಿ ಸೂಜಿಯಷ್ಟು ಸಣ್ಣ ಜಾಗಕ್ಕೆ ಹೋಗುತ್ತದೆ. ಪಕ್ಕದ ಗೋಡೆ ಕರಗುವ ಭಯ ಟಾರ್ಚಿಗಿಂತ ಕಡಿಮೆ.

ಬೆನ್ನು ಮರೆತಿದ್ದೆ

ಗೋಡೆ ಎಲ್ಲ ನಿಂತ ಮೇಲೆ ಖುಷಿಯಲ್ಲಿ ಮತ್ತೆ ಫೋಟೋ ನೋಡುತ್ತಿದ್ದೆ. ಹಿಂಬದಿಯ ಫೋಟೋವೂ ಇತ್ತು. ಅದನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ.

ಪದಕದ ಬೆನ್ನಿನಲ್ಲಿ ಕಲ್ಲಿಲ್ಲ, ಬರೀ ಚಿನ್ನ. ಮುಂದೆ ಕಲ್ಲಿನಲ್ಲಿ ಇರುವುದೆಲ್ಲ ಹಿಂದೆ ಗೆರೆಗಳಲ್ಲಿದೆ. ಗಿಡುಗನ ಗರಿ, ನಡುವೆ ಮಂಡಿಯೂರಿ ಕೂತ ದೇವರ ಮುಖ, ಹಾವಿನ ಮೈ, ಎಲ್ಲವೂ. ಇದು ರಾಜಕುಮಾರಿಯ ಎದೆಗೆ ತಾಗುವ ಬದಿ. ನೋಡುವವರು ಯಾರು? ಆದರೂ ಮಾಡಿದ್ದಾರೆ. ನನ್ನ ಕಣ್ಣಿಗೆ ಮುಂದಿಗಿಂತ ಹಿಂದೆಯೇ ಚೆಂದ. ಮುಂದೆ ಬಣ್ಣ ನಮ್ಮನ್ನು ಮರುಳು ಮಾಡುತ್ತದೆ, ಹಿಂದೆ ಕೈ ಮಾತ್ರ ಕಾಣಿಸುತ್ತದೆ.

ಸರಿ, ನಾನೂ ಮಾಡಬೇಕಲ್ಲ. ಆದರೆ ಮುಂದೆ ಗೋಡೆ ನಿಂತಾಗಿದೆ. ತಿರುಗಿಸಿ ಸುತ್ತಿಗೆಯಿಂದ ತಟ್ಟಿದರೆ ಗೋಡೆಗಳೆಲ್ಲ ಮಲಗುತ್ತವೆ. ದಾರಿ ತೋರಿಸಿದ್ದು ಅರಗು. ಮನೆಗಳಿಗೆಲ್ಲ ಬಿಸಿ ಅರಗು ತುಂಬಿ, ಅರಗಿನ ಬಟ್ಟಲಲ್ಲೇ ಮಕಾಡೆ ಕೂರಿಸಿ, ಆರಲು ಬಿಟ್ಟೆ. ಗೋಡೆಗಳಿಗೆ ಈಗ ಎರಡೂ ಕಡೆ ಆಸರೆ ಸಿಕ್ಕಿತು.

ಗೆರೆ ಎಳೆಯುವುದರಲ್ಲಿ ಎರಡು ಬಗೆ. ಚೂಪು ಉಳಿಯಿಂದ ಲೋಹವನ್ನು ಕೆತ್ತಿ ತೆಗೆಯುವುದು ಒಂದು. ಮೊಂಡು ಉಳಿಯಿಂದ ತಟ್ಟುತ್ತಾ ಲೋಹವನ್ನು ಪಕ್ಕಕ್ಕೆ ಒತ್ತುವುದು ಇನ್ನೊಂದು. ಈಜಿಪ್ಟಿನವರ ಬಳಿ ಉಕ್ಕಿನ ಉಳಿ ಇರಲಿಲ್ಲ. ತಾಮ್ರ, ಕಂಚು, ಕಲ್ಲು ಇಷ್ಟೇ. ಚಿನ್ನವನ್ನು ಒತ್ತಲು ಅಷ್ಟು ಸಾಕು. ನಾನು ಒಂದು ಕಂಚಿನ ಕಡ್ಡಿಯ ತುದಿಯನ್ನು ಉಗುರಿನ ಅಂಚಿನ ಹಾಗೆ ಉಜ್ಜಿಕೊಂಡೆ. ಮೊದಲ ಗರಿ ಮುಗಿಯುವಷ್ಟರಲ್ಲಿ ತುದಿ ಮೊಂಡಾಯಿತು. ಮತ್ತೆ ಉಜ್ಜಿದೆ. ಪ್ರತಿ ಮೂರ್ನಾಲ್ಕು ಗರಿಗೆ ಒಮ್ಮೆ ಉಜ್ಜಬೇಕು. ಗೆರೆ ಎಳೆಯುತ್ತಾ ನೇರ ಹೋಗುವ ಬದಲು, ಒಂದೊಂದೇ ಪುಟ್ಟ ಏಟು ಸೇರಿ ಗೆರೆಯಾಗುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ನನ್ನ ಗೆರೆ ಜೋಳದ ತೆನೆಯ ಹಾಗಿದೆ. ಅಸಲಿನಲ್ಲಿ ಗೆರೆ ನೀರು ಹರಿದ ಹಾಗಿದೆ. ಇರಲಿ.

ಕಲ್ಲು

ಈಗ ಮುಖ್ಯ ಕಥೆ.

ಬೇಕಾದದ್ದು ಮೂರು ಬಣ್ಣ. ಕೆಂಪಿಗೆ ಕಾರ್ನೀಲಿಯನ್, ಅಂದರೆ ಕೆಂಪು ಅಕೀಕು. ಕಡುನೀಲಿಗೆ ಲಾಪಿಸ್ ಲಾಜುಲಿ. ತಿಳಿ ಹಸಿರುನೀಲಿಗೆ ಫಿರೋಜಾ. ಈಜಿಪ್ಟಿನವರಿಗೆ ಕಾರ್ನೀಲಿಯನ್ ತಮ್ಮದೇ ಪೂರ್ವ ಮರುಭೂಮಿಯಲ್ಲಿ ಬೆಣಚುಕಲ್ಲಾಗಿ ಸಿಗುತ್ತಿತ್ತು. ಫಿರೋಜಾಕ್ಕೆ ಸೈನಾಯ್‌ಗೆ ದಂಡು ಕಟ್ಟಿಕೊಂಡು ಹೋಗುತ್ತಿದ್ದರು. ಅಲ್ಲಿ ಸೆರಾಬಿತ್ ಎಲ್-ಖಾದಿಮ್ ಎಂಬಲ್ಲಿ ಹಾಥೋರ್ ದೇವಿಗೆ ಗುಡಿ ಕಟ್ಟಿದ್ದರು, ಅವಳಿಗೆ ಫಿರೋಜಾದ ಒಡತಿ ಎಂದೇ ಹೆಸರು. ಲಾಪಿಸ್ ಮಾತ್ರ ಬಹು ದೂರದ್ದು, ಈಗಿನ ಅಫ್ಘಾನಿಸ್ತಾನದ ಬದಖ್‌ಶಾನ್ ಬೆಟ್ಟಗಳದ್ದು. ಕೈಯಿಂದ ಕೈಗೆ ದಾಟಿ ನೈಲ್ ತಲುಪುತ್ತಿತ್ತು. ಅವರ ಪ್ರಕಾರ ದೇವರ ಮೈ ಚಿನ್ನದ್ದು, ಕೂದಲು ಲಾಪಿಸ್‌ನದು. ಅಷ್ಟು ದೂರದಿಂದ ಬಂದ ಕಲ್ಲಿಗೆ ಅಷ್ಟು ಮರ್ಯಾದೆ ಸಿಗಲೇಬೇಕಲ್ವಾ?

ನನ್ನ ಕಾರ್ನೀಲಿಯನ್ ಗುಜರಾತಿನ ಖಂಭಾತ್‌ನದು. ಲಾಪಿಸ್ ಅಫ್ಘಾನಿಸ್ತಾನದ್ದೇ ಎಂದು ಕೊಟ್ಟವರು ಹೇಳಿದರು. ಫಿರೋಜಾವನ್ನು ಆನ್‌ಲೈನಿನಲ್ಲಿ ತರಿಸಿದೆ. ಬಣ್ಣ ಅಂದರೆ ಬಣ್ಣ, ಒಂದೇ ಸಮ, ಎಲ್ಲೂ ಕಲೆಯಿಲ್ಲ. ಆಗಲೇ ಅನುಮಾನ ಬರಬೇಕಿತ್ತು. ಬಿಲ್ಲೆ ಕತ್ತರಿಸಿದೆ. ಒಳಗೆ ಹಾಲಿನ ಹಾಗೆ ಬಿಳಿ! ಹೊರಗಿನ ಅರ್ಧ ಮಿಲಿಮೀಟರ್ ಮಾತ್ರ ನೀಲಿ. ಹತ್ತಿಯಲ್ಲಿ ಅಸಿಟೋನ್ ಅದ್ದಿ ಒರೆಸಿದೆ, ಹತ್ತಿ ನೀಲಿಯಾಯಿತು. ಹೌಲೈಟ್ ಎಂಬ ಬಿಳಿ ಕಲ್ಲಿಗೆ ಬಣ್ಣ ಹಾಕಿ ಮಾರಿದ್ದರು. ಮಾರಿದವರಿಗೆ ಬರೆದರೆ, "ನ್ಯಾಚುರಲ್ ಸ್ಟೋನೇ ಸರ್" ಎಂಬ ಉತ್ತರ. ಮಾತು ಸುಳ್ಳಲ್ಲ. ಹೌಲೈಟ್ ಕೂಡ ನ್ಯಾಚುರಲ್ಲೇ.

ಸಿಟ್ಟು ಇಳಿದ ಮೇಲೆ ನಗು ಬಂತು. ಈ ಕಸುಬಿನಲ್ಲಿ ಬದಲಿ ಮಾಲು ಹೊಸದೇನಲ್ಲ. ತುತಂಖಾಮುನ್‌ನ ಒಡವೆಗಳಲ್ಲಿ ಲಾಪಿಸ್ ಎಂದು ಕಾಣುವ ಎಷ್ಟೋ ತುಂಡು ನೀಲಿ ಗಾಜು. ಕೆಲವು ಕಡೆ ಬಣ್ಣವಿಲ್ಲದ ಪಾರದರ್ಶಕ ಕಲ್ಲನ್ನು ಕೆಂಪು ಅಂಟಿನ ಮೇಲೆ ಕೂರಿಸಿ ಕಾರ್ನೀಲಿಯನ್ ಹಾಗೆ ತೋರಿಸಿದ್ದಾರೆ. ದೊರೆಗೇ ಹಾಗೆ ಮಾಡಿದವರಿದ್ದಾರೆ, ನನ್ನದೇನು ಮಹಾ. ಫಿರೋಜಾದ ಬದಲು ಅಮೆಜೊನೈಟ್ ತಗೊಂಡೆ, ಅಂದರೆ ಹಸಿರು ಫೆಲ್ಡ್‌ಸ್ಪಾರ್. ಇದು ನನ್ನ ಸ್ವಂತ ಬದಲಾವಣೆ ಆದರೂ ಪೂರ್ತಿ ಹೊರಗಿನದಲ್ಲ. ಅದೇ ಪದಕ ತೂಗುವ ಮಣಿಸರದಲ್ಲಿ ಹಸಿರು ಫೆಲ್ಡ್‌ಸ್ಪಾರ್ ಮಣಿಗಳಿವೆ.

ಕಲ್ಲುಗಳನ್ನು 1.2 ಮಿಲಿಮೀಟರ್ ದಪ್ಪದ ಹಾಳೆಗಳಾಗಿ ಕತ್ತರಿಸಿಕೊಂಡೆ. ಗೋಡೆ 1.5, ಕೆಳಗೆ ಅಂಟಿಗೆ 0.3. ಲೆಕ್ಕ ಸರಿ.

ಮೊದಲ ಚೂರನ್ನು ಹಳೆಯ ರೀತಿಯಲ್ಲೇ ಮಾಡಬೇಕು ಎಂದು ಹಟ ಹಿಡಿದೆ. ಮರಳುಗಲ್ಲು, ನುಣ್ಣನೆಯ ಮರಳು, ನೀರು. ಉದ್ದ ಗರಿಯ ಒಂದು ಕಾರ್ನೀಲಿಯನ್ ಚೂರು, 14 ಮಿಲಿಮೀಟರ್ ಉದ್ದ, 3 ಅಗಲ. ಊಟ ಮುಗಿಸಿ ಬಾಲ್ಕನಿಯಲ್ಲಿ ಕುಳಿತು ಉಜ್ಜಲು ಶುರು ಮಾಡಿದೆ. ಒಂದು ಗಂಟೆ. ಎರಡು ಗಂಟೆ. ಅಂಚಿನಿಂದ ಅರ್ಧ ಮಿಲಿಮೀಟರ್ ಕೂಡ ಹೋಗಿರಲಿಲ್ಲ. ಕಾರಣ ಸರಳ. ಮರಳು ಅಂದರೆ ಕ್ವಾರ್ಟ್ಸ್, ಕಾರ್ನೀಲಿಯನ್ ಕೂಡ ಕ್ವಾರ್ಟ್ಸ್ ಜಾತಿಯದೇ. ಗಡಸುತನದ ಅಳತೆಯಲ್ಲಿ ಎರಡೂ 7ರ ಆಸುಪಾಸು. ಸಮಬಲದ ಇಬ್ಬರನ್ನು ಕುಸ್ತಿಗೆ ಬಿಟ್ಟ ಹಾಗೆ. ಅದೇ ಮರಳಿನಲ್ಲಿ ಲಾಪಿಸ್ ಉಜ್ಜಿದರೆ ಬೆಣ್ಣೆಯ ಹಾಗೆ ಇಳಿಯುತ್ತದೆ, ಅದರ ಗಡಸು 5ರಿಂದ 5.5 ಅಷ್ಟೆ. ಆ ಒಂದು ಕೆಂಪು ಚೂರಿಗೆ ನಾಲ್ಕು ಸಂಜೆ ಹಿಡಿಯಿತು. ಐದನೇ ಸಂಜೆ ವಜ್ರದ ಪುಡಿ ಹಚ್ಚಿದ ಅರಕ್ಕೆ ಶರಣಾದೆ. ಉಳಿದ 33 ಚೂರು ಅದರಲ್ಲೇ.

ಈಜಿಪ್ಟಿನ ಒಂದು ಹಳೆಯ ಬರಹದಲ್ಲಿ ಬೇರೆ ಬೇರೆ ಕಸುಬಿನವರ ಕಷ್ಟವನ್ನು ಪಟ್ಟಿ ಮಾಡಿ, ಗುಮಾಸ್ತನಾಗುವುದೇ ವಾಸಿ ಎಂದು ಮಗನಿಗೆ ತಂದೆ ಬುದ್ಧಿ ಹೇಳುತ್ತಾನೆ. ಅದರಲ್ಲಿ ಗಡಸು ಕಲ್ಲಿನ ಮಣಿಗಾರನೂ ಬರುತ್ತಾನೆ. ಕೆಲಸ ಮುಗಿಯುವಾಗ ಅವನ ತೋಳಿನಲ್ಲಿ ಶಕ್ತಿ ಇಲ್ಲ, ಸಂಜೆ ಕೂತರೆ ಮಂಡಿ ಬೆನ್ನು ಮಡಿಚಿಯೇ ಇರುತ್ತವೆ. ನಾಲ್ಕು ಸಂಜೆಗೇ ನನಗೆ ಇದರ ಅರ್ಥ ಪೂರ್ತಿ ಆಯಿತು.

ಒಂದು ಎಚ್ಚರಿಕೆ. ಕಲ್ಲು ಉಜ್ಜುವಾಗ ಯಾವಾಗಲೂ ನೀರು ಇರಲಿ, ಮುಖಕ್ಕೆ ಒಳ್ಳೆಯ ಮಾಸ್ಕ್ ಇರಲಿ. ಖಂಭಾತ್‌ನ ಅಕೀಕು ಕೆಲಸಗಾರರಲ್ಲಿ ಎಷ್ಟೋ ಮಂದಿಗೆ ಈ ದೂಳಿನಿಂದ ಸಿಲಿಕೋಸಿಸ್ ಬಂದಿದೆ. ಶ್ವಾಸಕೋಶಕ್ಕೆ ಒಮ್ಮೆ ಹೋದ ಆ ದೂಳು ಹೊರಗೆ ಬರುವುದಿಲ್ಲ. ನಾನು ಸಂಜೆ ಹೊತ್ತು ಹವ್ಯಾಸಕ್ಕೆ ಕೊಂಡ ಕೆಂಪು ಚೂರು ಯಾರೋ ಅದೇ ದೂಳಿನಲ್ಲಿ ಕೂತು ಸೀಳಿದ್ದು. ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಮೂರು ಕಲ್ಲಿನ ಸ್ವಭಾವ ಮೂರು ಬಗೆ. ಕಾರ್ನೀಲಿಯನ್ ಹಟಮಾರಿ, ಆದರೆ ನಂಬಿಕಸ್ಥ. ನಿಧಾನ ಇಳಿಯುತ್ತದೆ, ಮೂಲೆ ಮುರಿಯುವುದಿಲ್ಲ, ಹೊಳಪು ಬಂದರೆ ಕನ್ನಡಿ. ಲಾಪಿಸ್ ಬೇಗ ಬಗ್ಗುತ್ತದೆ, ಆದರೆ ಒಳಗೆ ಬಿಳಿ ನರ, ಮಿನುಗುವ ಪೈರೈಟ್ ಚುಕ್ಕಿ ಎಲ್ಲ ಇರುತ್ತವೆ. ನರ ಇರುವ ಕಡೆ ಬೇಗ ಸವೆದು ತಗ್ಗಾಗುತ್ತದೆ. ಉಜ್ಜುವಾಗ ಒಂದು ವಾಸನೆ ಬರುತ್ತದೆ, ಕೊಳೆತ ಮೊಟ್ಟೆಯದು. ಕಲ್ಲಿನೊಳಗಿನ ಗಂಧಕ ಅದು. ಹೆಂಡತಿ ಅಡುಗೆಮನೆಯಿಂದ ಬಂದು ಗ್ಯಾಸ್ ಸೋರುತ್ತಿದೆಯಾ ಎಂದು ಕೇಳಿದ್ದಳು. ದೇವರ ಕೂದಲಿನ ವಾಸನೆ ಎಂದೆ. ನಗಲಿಲ್ಲ.

ಅಮೆಜೊನೈಟ್‌ನಷ್ಟು ಕಾಟ ಯಾವುದೂ ಕೊಡಲಿಲ್ಲ. ಫೆಲ್ಡ್‌ಸ್ಪಾರ್‌ಗೆ ಎರಡು ದಿಕ್ಕಿನಲ್ಲಿ ಸೀಳುವ ಗುಣ ಇದೆ, ಎರಡೂ ಹೆಚ್ಚುಕಡಿಮೆ ಲಂಬಕೋನದಲ್ಲಿ. ಗರಿಯ ಚೂಪು ತುದಿ ಮಾಡುತ್ತಾ ಮಾಡುತ್ತಾ, ಇನ್ನೇನು ಮುಗಿಯಿತು ಎನ್ನುವಾಗ ಟಕ್ ಎಂದು ಮೂಲೆ ಹಾರುತ್ತದೆ. ಹತ್ತು ಹಸಿರು ಮನೆಗೆ ಹತ್ತೊಂಬತ್ತು ಚೂರು ಹಾಳು ಮಾಡಿದೆ. ಆಮೇಲೆ ಕಲ್ಲನ್ನು ಬೆಳಕಿಗೆ ತಿರುಗಿಸಿ ಸೀಳು ಯಾವ ಕಡೆ ಮಿಂಚುತ್ತದೆ ನೋಡಿ, ಗರಿಯ ಉದ್ದ ಆ ದಿಕ್ಕಿಗೇ ಬರುವಂತೆ ಕತ್ತರಿಸಲು ಕಲಿತೆ. ಸೌದೆ ಸೀಳುವವರಿಗೆ ಇದು ಹೇಳಿಕೊಡಬೇಕಾಗಿಲ್ಲ.

ಹೊಂದಿಸುವ ವಿಧಾನ ಇಷ್ಟೆ. ಮನೆಯ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಸೀಸದಿಂದ ಉಜ್ಜಿದರೆ ಗೋಡೆಯ ಅಚ್ಚು ಬರುತ್ತದೆ. ಅದನ್ನು ಕತ್ತರಿಸಿ ಕಲ್ಲಿಗೆ ಅಂಟಿಸಿ, ಗೆರೆಯ ಹೊರಗೆ ಕತ್ತರಿಸಿ, ಗೆರೆಯವರೆಗೆ ಅರ ಹಾಕುವುದು. ಆಮೇಲೆ ಮನೆಯಲ್ಲಿಟ್ಟು ನೋಡುವುದು. ಹೋಗುವುದಿಲ್ಲ. ಎಲ್ಲಿ ತಾಗುತ್ತಿದೆ ಎಂದು ತಿಳಿಯಲು ಗೋಡೆಯ ಒಳಬದಿಗೆ ದೀಪದ ಮಸಿ ಬಳಿದೆ. ಕಲ್ಲು ತಾಗಿದ ಕಡೆ ಮಸಿ ಅಂಟುತ್ತದೆ. ಅಲ್ಲಿ ಎರಡು ಸಲ ಅರ. ಮತ್ತೆ ಇಟ್ಟು ನೋಡು. ಮತ್ತೆ ಮಸಿ. ಒಂದು ಚೂರಿಗೆ ಇಪ್ಪತ್ತು ಮೂವತ್ತು ಸಲ ಹೀಗೆ. ಒಂದು ಸಲ ಜಾಸ್ತಿ ಅರ ಹಾಕಿದಿರೋ, ಸಂದು ಬಿಟ್ಟಿತು. ಚೂರು ಕಸಕ್ಕೆ.

ಗೋಡೆ ಬಗ್ಗಿಸಿ ಕಲ್ಲಿಗೆ ಹೊಂದಿಸಬಹುದಲ್ಲ ಎಂದು ಒಮ್ಮೆ ಆಸೆಪಟ್ಟು ಹಾಗೇ ಮಾಡಿದೆ. ಪಕ್ಕದ ಮನೆಗೆ ಆಗಲೇ ಮಾಡಿಟ್ಟ ಕಲ್ಲು ಆಮೇಲೆ ಒಳಗೆ ಹೋಗಲಿಲ್ಲ. ಒಂದು ಗೋಡೆಗೆ ಯಾವಾಗಲೂ ಇಬ್ಬರು ಯಜಮಾನರು.

ಲೇಪ ಮೊದಲು, ಕಲ್ಲು ಆಮೇಲೆ

ಚಿನ್ನದ ಲೇಪಕ್ಕೆ ಊರಿನ ಒಂದು ಅಂಗಡಿಗೆ ಕೊಟ್ಟೆ. ಕಲ್ಲು ಕೂರಿಸುವ ಮೊದಲೇ ಕೊಡಬೇಕು. ಲೇಪದ ದ್ರಾವಣ ಲಾಪಿಸ್‌ಗೆ ಆಗಿಬರುವುದಿಲ್ಲ, ಅಂಟಿಗೂ ಆಗಿಬರುವುದಿಲ್ಲ. ಬೆಳ್ಳಿ ಹೋಗಿ ಚಿನ್ನವಾಗಿ ವಾಪಸ್ ಬಂದಾಗ ಮನೆಯವರೆಲ್ಲ ಮೊದಲ ಸಲ ಮೆಚ್ಚಿದರು.

ಆದರೆ ಈ ಲೇಪ ನನ್ನನ್ನು ಒಂದು ಮೂಲೆಗೆ ತಳ್ಳಿತು. ಗಟ್ಟಿ ಚಿನ್ನದ ಗೋಡೆಯಾಗಿದ್ದರೆ ಕಲ್ಲು ಕೂರಿಸಿದ ಮೇಲೂ ಅಂಚನ್ನು ಸ್ವಲ್ಪ ಉಜ್ಜಿ, ತೀಡಿ, ಕಲ್ಲಿನ ಮಟ್ಟಕ್ಕೆ ತರಬಹುದು. ನನ್ನ ಚಿನ್ನ ಬರೀ ತೊಗಲು. ಒಂದು ಸಲ ಅರ ತಾಗಿದರೆ ಕೆಳಗಿನ ಬೆಳ್ಳಿ ಹಲ್ಲು ಕಿರಿಯುತ್ತದೆ. ಹಾಗಾಗಿ ಎಲ್ಲ ಕಲ್ಲೂ ಮೊದಲೇ ಸರಿಯಾದ ಎತ್ತರಕ್ಕೆ ಬಂದಿರಬೇಕು. ಅಂಟು ಹಾಕದೆ 34 ಚೂರನ್ನೂ ಒಮ್ಮೆ ಜೋಡಿಸಿ, ಮೇಲೆ ಬೆರಳು ಆಡಿಸಿದೆ. ಏಳು ಎದ್ದಿದ್ದವು. ಅವನ್ನು ತೆಗೆದು ತಳ ಉಜ್ಜಿದೆ.

ಅಂದ ಹಾಗೆ ಅವರ ಚಿನ್ನವೂ ಅಪರಂಜಿ ಅಲ್ಲ. ಪೂರ್ವ ಮರುಭೂಮಿಯಿಂದ, ನುಬಿಯಾದಿಂದ ಬಂದ ಚಿನ್ನದಲ್ಲಿ ಬೆಳ್ಳಿ ತಾನಾಗಿಯೇ ಬೆರೆತಿರುತ್ತಿತ್ತು. ಅದನ್ನು ಬೇರ್ಪಡಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಅದಕ್ಕೇ ಈಜಿಪ್ಟಿನ ಹಳೆಯ ಒಡವೆಗಳ ಹಳದಿ ಒಂದೊಂದರಲ್ಲಿ ಒಂದೊಂದು ಥರ.

ಅಂಟಿಗೆ ಜೇನುಮೇಣ, ರಾಳ, ಸೀಮೆಸುಣ್ಣದ ಪುಡಿ. ಮೇಣ ಜಾಸ್ತಿ ಆದರೆ ಮೆತ್ತಗೆ, ರಾಳ ಜಾಸ್ತಿ ಆದರೆ ಸೀಳುತ್ತದೆ. ಮೂರು ಸಲ ಮಾಡಿ ಹದ ಹಿಡಿದೆ. ತಗಡನ್ನು ಕಾವಲಿಯ ಮೇಲೆ ಕೈ ಮುಟ್ಟಲಾಗದಷ್ಟು ಬಿಸಿ ಮಾಡಿ, ಮನೆಯೊಳಗೆ ಅಂಟು ಕರಗಿಸಿ, ಚಿಮಟದಲ್ಲಿ ಕಲ್ಲನ್ನು ಇಟ್ಟು ಮರದ ಕಡ್ಡಿಯಿಂದ ಒತ್ತುವುದು. ಸುತ್ತಲಿಂದ ಅಂಟು ಉಕ್ಕಿ ಬರುತ್ತದೆ. ಆರಿದ ಮೇಲೆ ಬಿದಿರಿನ ಚೂರಿನಿಂದ ಕೆರೆದರೆ ಗೆರೆ ಸ್ವಚ್ಛ.

ಎಪಾಕ್ಸಿ ಹಾಕಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಬೇಡ ಅನ್ನಿಸಿದ್ದಕ್ಕೆ ಒಂದು ಕಾರಣ ಇದೆ. 2014ರಲ್ಲಿ ಕೈರೊದಲ್ಲಿ ತುತಂಖಾಮುನ್‌ನ ಚಿನ್ನದ ಮುಖವಾಡದ ಗಡ್ಡ ಕಳಚಿ ಬಂತು. ಅವಸರದಲ್ಲಿ ಎಪಾಕ್ಸಿಯಿಂದ ಅಂಟಿಸಿದರು. ಆ ಎಪಾಕ್ಸಿ ಕೆರೆದು ತೆಗೆಯಲು ಆಮೇಲೆ ವಾರಗಟ್ಟಲೆ ಹಿಡಿಯಿತು. 2015ರಲ್ಲಿ ಗಡ್ಡವನ್ನು ಮತ್ತೆ ಕೂರಿಸಿದ್ದು ಜೇನುಮೇಣದಿಂದ. ಮೇಣ ಬಿಸಿಗೆ ಬಿಡುತ್ತದೆ. ತಪ್ಪು ಮಾಡುವವರಿಗೆ ಅದೇ ಸರಿ, ಅದರಲ್ಲೂ ನನ್ನಂಥವರಿಗೆ.

ಈ ಅಸಲು ಪದಕ ಉಳಿದದ್ದೂ ಒಂದು ಬಗೆಯ ಅಂಟಿನಿಂದಲೇ ಅನ್ನಬಹುದು. ಅದು ಸಿಕ್ಕಿದ್ದು ಲಾಹುನ್ ಎಂಬಲ್ಲಿ, ಸೆನ್‌ವೊಸ್ರೆತ್‌ನ ಪಿರಮಿಡ್ಡಿನ ಪಕ್ಕದಲ್ಲಿರುವ ಆ ರಾಜಕುಮಾರಿಯ ಗೋರಿಯಲ್ಲಿ. ಕಳ್ಳರು ಹಿಂದೆಯೇ ನುಗ್ಗಿ ಶವಪೆಟ್ಟಿಗೆ ದೋಚಿದ್ದರು. ಒಡವೆಯ ಪೆಟ್ಟಿಗೆಗಳಿದ್ದ ಗೋಡೆಯ ಗೂಡು ಅವರ ಕೈಗೆ ಸಿಗಲಿಲ್ಲ. ಆಮೇಲೆ ನೀರು ನುಗ್ಗಿ ಎಲ್ಲವೂ ಕೆಸರಿನಲ್ಲಿ ಹೂತುಹೋಯಿತು. ಮರ ಕೊಳೆಯಿತು, ದಾರ ಕೊಳೆಯಿತು, ಮಣಿಗಳು ಕೆಸರಿನಲ್ಲಿ ಉಳಿದವು. 1914ರಲ್ಲಿ ಅಲ್ಲಿ ಉತ್ಖನನ ಮಾಡುತ್ತಿದ್ದ ಫ್ಲಿಂಡರ್ಸ್ ಪೀಟ್ರಿಯ ತಂಡದ ಗೈ ಬ್ರಂಟನ್ ಆ ಇಕ್ಕಟ್ಟಿನಲ್ಲಿ ರಾತ್ರಿಯೂ ಅಲ್ಲೇ ಮಲಗಿ ಒಂದೊಂದನ್ನೇ ಬಿಡಿಸಿದ. ಕಿರೀಟ ಮತ್ತು ಕೆಲವು ಒಡವೆ ಕೈರೊದಲ್ಲಿ ಉಳಿದವು, ಇದು ನ್ಯೂಯಾರ್ಕಿಗೆ ಹೋಯಿತು.

ಈಗಿನ ಸ್ಥಿತಿ

ತೂಕ 12.4 ಗ್ರಾಂ. ಇಷ್ಟೇ ಲೋಹ ಅಪರಂಜಿಯದಾಗಿದ್ದರೆ ಚಿನ್ನವೇ 16 ಗ್ರಾಂ ದಾಟುತ್ತಿತ್ತು. ಅಂಟುವಾಳದ ನೀರಲ್ಲಿ ಮೆತ್ತನೆ ಬ್ರಷ್ ಹಾಕಿ ತೊಳೆದು, ಹತ್ತಿ ಬಟ್ಟೆಯಲ್ಲಿ ಒರೆಸಿ, ಕಿಟಕಿಯ ಹತ್ತಿರ ಇಟ್ಟೆ. ಎರಡು ಅಡಿ ದೂರದಿಂದ ಚೆನ್ನಾಗಿದೆ. ಹತ್ತಿರ ಹೋದರೆ ಹನ್ನೊಂದು ಮನೆಯಲ್ಲಿ ಸಂದು ಕಾಣುತ್ತದೆ, ಕೂದಲು ತೂರುವಷ್ಟು. ಅಂಟಿಗೆ ಕಾಡಿಗೆ ಬೆರೆಸಿ ಮುಚ್ಚಲು ನೋಡಿದೆ, ಇನ್ನೂ ಎದ್ದು ಕಂಡಿತು.

ಮೇಷ್ಟ್ರು ಮೊದಲು ತಿರುಗಿಸಿ ಬೆನ್ನು ನೋಡಿದರು. ಆಮೇಲೆ ಮುಂದೆ. ಉಗುರಿನಿಂದ ಒಂದು ಕಲ್ಲನ್ನು ಮುಟ್ಟಿದರು, ಭುಜದ ಹತ್ತಿರದ ಮೂರನೇ ಕೆಂಪು ಗರಿ. ಹಳೆಯ ರೀತಿಯಲ್ಲಿ ನಾಲ್ಕು ಸಂಜೆ ಉಜ್ಜಿದ್ದು ಉದ್ದ ಗರಿ, ಇದು ಬೇರೆ. ವಜ್ರದ ಅರದಲ್ಲಿ ಹತ್ತು ನಿಮಿಷಕ್ಕೆ ಮುಗಿಸಿದ್ದು. "ಇದು ಅವಸರದ್ದು," ಎಂದರು. ಉಳಿದ ಸಂದುಗಳ ಬಗ್ಗೆ ಏನೂ ಹೇಳಲಿಲ್ಲ.

ಕಾವಲಿ ಮತ್ತೆ ಒಲೆಯ ಮೇಲಿದೆ. ಮೇಣ ಬಿಡಲು ಇನ್ನೆರಡು ನಿಮಿಷ ಬೇಕು. ಖಂಭಾತ್‌ನ ಹಾಳೆಯಲ್ಲಿ ನಾಲ್ಕು ಚೂರಿಗಾಗುವಷ್ಟು ಕೆಂಪು ಉಳಿದಿದೆ.